ಬೋರ್ಡು ಬಿದ್ದಿದ್ದಕ್ಕೆ ಅಂಗಡಿಯನ್ನೇ ಕೆಡವುವ ಮಹಾನುಭಾವರು

ಬ್ಲಾಗಿಗೆ ಧೂಳು ಹಿಡಿದು ತುಂಬಾ ದಿನ ಆಗಿತ್ತು. ಬರೀಬೇಕು, ಬರೀಬೇಕು ಅಂದುಕೊಂಡು ಡ್ರಾಫ್ಟಿನಲ್ಲೇ ಕೊಳೆಯುತ್ತಿದ್ದ ಬರಹ ಇದು. ಮೊನ್ನೆ ಭಾನುವಾರ ಮತ್ತೆ ಅದೇ ಮಾತು ಕಿವಿಗೆ ಬಿತ್ತು ನೋಡಿ, ಇನ್ನು ತಡೆಯೋಕಾಗಲ್ಲ. ಸ್ವಲ್ಪ ಸಿಟ್ಟಿನಲ್ಲೇ ಬರೆಯುತ್ತಿದ್ದೇನೆ, ಬ್ಲಾಗಿಗ ಮಿತ್ರರು ಸಹಿಸಿಕೊಳ್ಳಬೇಕು :-)

ಪಕ್ಕದ ಮನೆ ಹುಡುಗಿ ಬಂದಿದ್ದಳು. ಪಿಯುಸಿ ಓದುತ್ತಿದ್ದಾಳೆ.

"ಅಂಕಲ್, ನಮ್ಮ ಕಂಪ್ಯೂಟರಲ್ಲಿ ಐಕಾನೆಲ್ಲ ಬೆಳ್ಳಗೆ ಆಗ್ಬಿಟ್ಟಿದೆ. ಅಂಗಡಿಯವ್ರಿಗೆ ಫೋಟೋ ತೆಗೆದು ಕಳಿಸಿದ್ವಿ. ವೈರಸ್ಸು, ಫಾರ್ಮ್ಯಾಟ್ ಹೊಡೀಬೇಕು ಅಂದ್ರು. 600 ರೂಪಾಯಿ ಅಂತೆ. ಕೊಡ್ಲಾ?"

"ಬೆಳ್ಳಗಾಗಿರೋದರ ಮೇಲೆ ಎರಡು ಸಲ ಒತ್ತಿದ್ರೆ ಏನಾಗುತ್ತೆ ಪುಟ್ಟಾ?"

"ತೆರ್ಕೊಳ್ಳುತ್ತೆ ಅಂಕಲ್. ಎಲ್ಲ ಸರಿಯಾಗೇ ಕೆಲಸ ಮಾಡುತ್ತೆ. ಚಿತ್ರ ಮಾತ್ರ ಇಲ್ಲ."

ಕೆಲಸ ಮಾಡುತ್ತೆ, ಚಿತ್ರ ಮಾತ್ರ ಇಲ್ಲ. ಇದಕ್ಕೆ ಫಾರ್ಮ್ಯಾಟ್! ಗಾಳಿಗೆ ಅಂಗಡಿಯ ಬೋರ್ಡು ಬಿದ್ದಿದೆ, ಒಳಗೆ ಶೆಟ್ಟರು ಕೂತು ವ್ಯಾಪಾರ ಮಾಡುತ್ತಲೇ ಇದ್ದಾರೆ. ಆದರೆ ಬೋರ್ಡು ಹಾಕುವವನು ಬಂದು, ಅಂಗಡಿ ಕೆಡವಿ ಹೊಸದಾಗಿ ಕಟ್ಟಬೇಕು, ಒಳಗಿನ ಸಾಮಾನಿನ ಜವಾಬ್ದಾರಿ ನಮ್ಮದಲ್ಲ ಅಂತಾನೆ. ನಾವು ಹೂಂ ಅಂತೀವಿ, ಮೇಲೆ ದುಡ್ಡೂ ಕೊಡ್ತೀವಿ.

ಆ ಹುಡುಗಿಯ ಮನೆಗೆ ಹೋಗಿ ಐದು ನಿಮಿಷದಲ್ಲಿ ಸರಿ ಮಾಡಿ ಕಾಫಿ ಕುಡಿದು ಬಂದೆ. ಏನು ಮಾಡಿದೆ ಅಂತ ಮುಂದೆ ಹೇಳ್ತೀನಿ. ಅದಕ್ಕೆ ಮೊದಲು ಇದು ನನಗೆ ಯಾಕೆ ಇಷ್ಟು ಉರಿಯುತ್ತೆ ಅನ್ನೋದನ್ನ ಹೇಳಿಬಿಡಬೇಕು.

2018ರ ಜೂನ್. ಊರಿನಲ್ಲಿ ಮಳೆ. ತೀರ್ಥಹಳ್ಳಿ ಕಡೆಯ ಮಳೆ ಗೊತ್ತಿದ್ದವರಿಗೆ ಅಲ್ಲಿಯ ಕರೆಂಟಿನ ಕತೆಯನ್ನ ಹೇಳಬೇಕಾಗಿಲ್ಲ. ನಮ್ಮ ದೊಡ್ಡಪ್ಪ ರಿಟೈರಾದ ಪ್ರೈಮರಿ ಶಾಲೆ ಮೇಷ್ಟ್ರು. ರಿಟೈರಾದ ಮೇಲೆ ಅವರಿಗೆ ಹತ್ತಿದ ಹುಚ್ಚು ಗದ್ದೆಗಳ ಹೆಸರು ಬರೆದಿಡೋದು. ನಗಬೇಡಿ. ಮಲೆನಾಡಿನಲ್ಲಿ ಒಂದೊಂದು ಗದ್ದೆಗೂ ಒಂದು ಹೆಸರಿರುತ್ತೆ. ಮಕ್ಕಿಗದ್ದೆ, ಬೈಲುಗದ್ದೆ ಅನ್ನೋದು ಜಾತಿ ಆಯ್ತು, ಅದರೊಳಗೆ ಪ್ರತಿಯೊಂದಕ್ಕೂ ಅದರದ್ದೇ ಹೆಸರು, ಹೆಸರಿನ ಹಿಂದೊಂದು ಕತೆ. ಯಾವ ಗದ್ದೆಯಲ್ಲಿ ಯಾವ ಭತ್ತ ಹಾಕುತ್ತಿದ್ದರು, ನೀರು ಯಾವ ಕಡೆಯಿಂದ ಬರುತ್ತಿತ್ತು, ಯಾರಿಂದ ಯಾರಿಗೆ ಹೋಯಿತು... ಪಹಣಿಯಲ್ಲಿ ಈ ಹೆಸರು, ಕತೆ ಇರಲ್ಲ, ಅಲ್ಲಿ ಗದ್ದೆಯ ಗುರುತು ಸರ್ವೆ ನಂಬರು. ಅರ್ಧಕ್ಕರ್ಧ ಗದ್ದೆ ಈಗ ಅಡಿಕೆ ತೋಟ ಆಗಿದೆ, ಹೆಸರು ಹೇಳುವ ಮುದುಕರೂ ಒಬ್ಬೊಬ್ಬರೇ ಹೋಗುತ್ತಿದ್ದಾರೆ. ದೊಡ್ಡಪ್ಪ ಅಕ್ಕಪಕ್ಕದ ಊರುಗಳಿಗೆ ಹೋಗಿ, ಎಲೆ ಅಡಿಕೆ ಹಾಕಿಕೊಂಡು ಕೂತು, ನೋಟ್‌ಬುಕ್ಕಿನಲ್ಲಿ ಗೀಚಿಕೊಂಡು ಬಂದು, ಸಂಜೆ ಬರಹದಲ್ಲಿ ಟೈಪ್ ಮಾಡುತ್ತಿದ್ದರು. ನಾಲ್ಕು ವರ್ಷದ ಕೆಲಸ. ಒಂದೊಂದು ಗದ್ದೆಗೆ ಒಂದೊಂದು ಕಡತ, ಸುಮಾರು 400 ಆಗಿತ್ತು. ಎಲ್ಲವೂ ಡೆಸ್ಕ್‌ಟಾಪಿನ ಮೇಲೆ "ಗದ್ದೆ" ಅನ್ನೋ ಒಂದು ಫೋಲ್ಡರಿನಲ್ಲಿ.

ಒಂದು ಸಂಜೆ ಫೋನು.

"ಮಾರಾಯ, ಕರೆಂಟ್ ಹೋಗಿ ಬಂತು. ಆಮೇಲೆ ಹಚ್ಚಿದ್ರೆ ಐಕಾನೆಲ್ಲ ಬಿಳಿ ಕಾಗದ ಆಗ್ಬಿಟ್ಟಿದೆ. ಒಂದೂ ಗುರ್ತ ಸಿಗೂದಿಲ್ಲ."

"ಒತ್ತಿದ್ರೆ ತೆರ್ಕೊಳ್ಳುತ್ತಾ ದೊಡ್ಡಪ್ಪಾ?"

"ತೆರೀತದೆ. ಚಿತ್ರ ಇಲ್ಲ ಅಷ್ಟೆ."

"ಏನೂ ಆಗಿಲ್ಲ ಹಾಗಾದ್ರೆ. ಇವತ್ತು ಆಫೀಸಲ್ಲಿ ಸ್ವಲ್ಪ ಗಡಿಬಿಡಿ ಇದೆ. ಶನಿವಾರ ಫೋನ್ ಮಾಡಿ ಹೇಳ್ತೀನಿ, ನೀವು ಏನೂ ಮುಟ್ಟಬೇಡಿ."

ಅಷ್ಟೇ ನಾನು ಮಾಡಿದ್ದು. ಶನಿವಾರಕ್ಕೆ ಮೂರು ದಿನ ಇತ್ತು. ದೊಡ್ಡಪ್ಪನಿಗೆ ತಡೆಯಲಿಲ್ಲ. ಮಾರನೇ ದಿನ ಸಿಪಿಯು ಡಬ್ಬವನ್ನ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆ ಮೇಲೆ ಇಟ್ಟುಕೊಂಡು ಪೇಟೆಗೆ ಹೋದರು. ಅಂಗಡಿಯ ಹುಡುಗ ನೋಡಿದವನೇ "ವಿಂಡೋಸ್ ಕರಪ್ಟ್ ಆಗಿದೆ ಸಾರ್, ಫಾರ್ಮ್ಯಾಟ್ ಮಾಡಿ ಹೊಸ ವಿಂಡೋಸ್ ಹಾಕ್ತೀನಿ. ಡಿ ಡ್ರೈವ್ ಮುಟ್ಟಲ್ಲ, ನಿಮ್ಮ ಡೇಟಾ ಸೇಫ್" ಅಂದನಂತೆ. ಡಿ ಡ್ರೈವಿನಲ್ಲಿ ಇದ್ದಿದ್ದು ನನ್ನ ತಮ್ಮ ಎಂದೋ ತುಂಬಿಸಿದ ಸಿನಿಮಾ ಹಾಡುಗಳು. ಅವು ಸೇಫು.

ಡೆಸ್ಕ್‌ಟಾಪ್ ಅನ್ನೋದು ಸಿ ಡ್ರೈವಿನೊಳಗಿನ ಒಂದು ಫೋಲ್ಡರು. ಮೈ ಡಾಕ್ಯುಮೆಂಟ್ಸೂ ಅಷ್ಟೇ. ಇದು ದೊಡ್ಡಪ್ಪನಿಗೆ ಗೊತ್ತಿರಲಿಲ್ಲ, ಗೊತ್ತಿರಬೇಕಾಗಿಯೂ ಇರಲಿಲ್ಲ. ಆದರೆ ಕಂಪ್ಯೂಟರ್ ರಿಪೇರಿಯಲ್ಲೇ ಅನ್ನ ತಿನ್ನುವವನಿಗೆ? "ಡಿ ಮುಟ್ಟಲ್ಲ, ಡೇಟಾ ಸೇಫ್" ಅನ್ನೋ ಮಾತನ್ನ ಅವನು ನಂಬಿಯೇ ಹೇಳಿದ್ದನೋ ಏನೋ. ಅವನಿಗೆ ಅದನ್ನ ಹಾಗೇ ಹೇಳಿಕೊಟ್ಟವರು ಯಾರೋ.

ನಾನು ಹೋಗುವ ಹೊತ್ತಿಗೆ ಹೊಸ ವಿಂಡೋಸ್ 10 ಬಂದು ಕೂತು, ಎರಡು ದಿನ ಓಡಿ, ಅಪ್‌ಡೇಟುಗಳನ್ನೂ ಇಳಿಸಿಕೊಂಡಿತ್ತು. ಕಳೆದ ಕಡತ ಹುಡುಕುವ ತಂತ್ರಾಂಶ ಹಾಕಿ ರಾತ್ರಿಯಿಡೀ ಓಡಿಸಿದೆ. ಬಂದಿದ್ದು ಚೂರುಪಾರು.

ಈಗ ಸಿಟ್ಟಿನ ವಿಷಯಕ್ಕೆ ಬರ್ತೀನಿ.

ಐಕಾನ್ ಬೆಳ್ಳಗಾಗೋದು ಅಂದ್ರೆ ಏನು? ಪ್ರತಿ ಪ್ರೋಗ್ರಾಮಿನ ಚಿತ್ರ ಆ ಪ್ರೋಗ್ರಾಮಿನ ಕಡತದ ಹೊಟ್ಟೆಯೊಳಗೇ ಇರುತ್ತೆ. ಪರದೆ ಬಿಡಿಸುವಾಗ ಪ್ರತಿ ಸಲವೂ ಒಂದೊಂದನ್ನೂ ತೆರೆದು ಚಿತ್ರ ಹುಡುಕುತ್ತಾ ಕೂತರೆ ನಿಧಾನ ಆಗುತ್ತೆ ಅಂತ, ವಿಂಡೋಸ್ ಒಂದು ಸಲ ತೆಗೆದ ಚಿತ್ರಗಳನ್ನ ಬೇರೆ ಒಂದು ಕಡತದಲ್ಲಿ ಗುಡ್ಡೆ ಹಾಕಿ ಇಟ್ಟುಕೊಳ್ಳುತ್ತೆ. ಅದಕ್ಕೆ ಐಕಾನ್ ಕ್ಯಾಶ್ ಅಂತಾರೆ. ಇದೇನು ಹೊಸದಲ್ಲ. ವಿಂಡೋಸ್ 95, 98ರ ಕಾಲದಲ್ಲೇ ವಿಂಡೋಸ್ ಫೋಲ್ಡರಿನಲ್ಲಿ ಶೆಲ್‌ಐಕಾನ್‌ಕ್ಯಾಶ್ ಅಂತ ಒಂದು ಅಡಗಿದ ಕಡತ ಇತ್ತು. ಎಕ್ಸ್‌ಪಿಯಲ್ಲಿ ಅದು ಐಕಾನ್‌ಕ್ಯಾಶ್ ಡಾಟ್ ಡಿಬಿ ಆಗಿ ಲೋಕಲ್ ಸೆಟಿಂಗ್ಸ್ ಒಳಗೆ ಹೋಯಿತು. ವಿಸ್ತಾ, 7ರಲ್ಲಿ ಆಪ್‌ಡೇಟಾದ ಲೋಕಲ್ ಫೋಲ್ಡರಿಗೆ ಬಂತು. ಈಗಿನ 10, 11ರಲ್ಲಿ ಅಳತೆಗೊಂದರಂತೆ ಹಲವು ಕಡತ, ಲೋಕಲ್ಲಿನ ಒಳಗೆ ಮೈಕ್ರೋಸಾಫ್ಟ್, ಅದರೊಳಗೆ ವಿಂಡೋಸ್, ಅದರೊಳಗೆ ಎಕ್ಸ್‌ಪ್ಲೋರರ್ ಫೋಲ್ಡರಿನಲ್ಲಿ.

ಇದನ್ನ ಬರೆಯುತ್ತಿರುವಾಗಲೇ ಕರೆಂಟ್ ಹೋದರೆ ಗುಡ್ಡೆ ಕಲಸಿಹೋಗಬಹುದು. ಆಗ ಚಿತ್ರ ಬರಲ್ಲ, ಬಿಳಿ ಹಾಳೆ ಬರುತ್ತೆ, ಅಥವಾ ಒಂದರ ಚಿತ್ರ ಇನ್ನೊಂದಕ್ಕೆ ಅಂಟಿಕೊಳ್ಳುತ್ತೆ. ಆ ಗುಡ್ಡೆಯನ್ನ ಎತ್ತಿ ಬಿಸಾಕಿದರೆ ಏನೂ ನಷ್ಟ ಇಲ್ಲ. ವಿಂಡೋಸ್ ಮತ್ತೆ ಮೊದಲಿನಿಂದ ಹೊಸದು ಮಾಡಿಕೊಳ್ಳುತ್ತೆ. ನಮ್ಮ ಒಂದೇ ಒಂದು ಅಕ್ಷರವೂ ಅದರಲ್ಲಿ ಇರಲ್ಲ.

ಬಿಸಾಕೋದು ಹೇಗೆ? ಕಮಾಂಡುಗಳನ್ನ ಕನ್ನಡ ಲಿಪಿಯಲ್ಲೇ ಹೇಳ್ತೀನಿ, ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರ ಹಾಕಿಕೊಳ್ಳಿ. ಮೊದಲು ಕಂಪ್ಯೂಟರನ್ನ ಒಮ್ಮೆ ರೀಸ್ಟಾರ್ಟ್ ಮಾಡಿ ನೋಡಿ. ಹೋಗದಿದ್ದರೆ, ವಿಂಡೋಸ್ 10 ಅಥವಾ 11 ಆದರೆ, ವಿಂಡೋಸ್ ಕೀ ಜೊತೆ ಆರ್ ಒತ್ತಿ, ಬರುವ ಡಬ್ಬಿಯಲ್ಲಿ ಐ, ಇ, ಅಂಕಿ 4, ಯು, ಇನಿಟ್ ಅಂತ ಎಲ್ಲ ಸೇರಿಸಿ ಬರೆದು, ಜಾಗ ಬಿಟ್ಟು, ಅಡ್ಡಗೆರೆ ಹಾಕಿ ಶೋ ಅಂತ ಬರೆದು ಎಂಟರ್. ಕೆಲವೊಮ್ಮೆ ಇಷ್ಟಕ್ಕೇ ಮುಗಿಯುತ್ತೆ. ಪಕ್ಕದ ಮನೆಯಲ್ಲಿ ಇಷ್ಟಕ್ಕೆ ಮುಗಿಯಲಿಲ್ಲ. ಅಲ್ಲಿ ಮಾಡಿದ್ದು ಹೀಗೆ: ಮೊದಲು ಕಮಾಂಡ್ ಪ್ರಾಂಪ್ಟ್ ತೆರೆದಿಟ್ಟುಕೊಳ್ಳಬೇಕು. ಅದರಲ್ಲಿ ಸಿಡಿ ಅಂತ ಬರೆದು, ಎರಡು ಪರ್ಸೆಂಟ್ ಗುರುತಿನ ನಡುವೆ ಲೋಕಲ್‌ಆಪ್‌ಡೇಟಾ ಅಂತ ಒಂದೇ ಪದವಾಗಿ ಬರೆದು, ಅದರ ಮುಂದೆ ಮೇಲೆ ಹೇಳಿದ ಫೋಲ್ಡರುಗಳ ದಾರಿ ಹಾಕಿದರೆ ಆ ಜಾಗಕ್ಕೆ ಹೋಗುತ್ತೆ (7ರಲ್ಲಿ ಲೋಕಲ್‌ಆಪ್‌ಡೇಟಾದವರೆಗೆ ಹೋದರೆ ಸಾಕು). ಆಮೇಲೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಒತ್ತಿ ಟಾಸ್ಕ್ ಮ್ಯಾನೇಜರಿನಲ್ಲಿ ವಿಂಡೋಸ್ ಎಕ್ಸ್‌ಪ್ಲೋರರನ್ನ ಹುಡುಕಿ ಎಂಡ್ ಟಾಸ್ಕ್ ಕೊಡಿ. ಕೆಳಗಿನ ಪಟ್ಟಿ, ಡೆಸ್ಕ್‌ಟಾಪು ಎಲ್ಲ ಮಾಯ ಆಗುತ್ತೆ. ಗಾಬರಿ ಬೀಳಬೇಡಿ, ಹಾಗೇ ಆಗಬೇಕು. ಕಮಾಂಡ್ ಪ್ರಾಂಪ್ಟಿನಲ್ಲಿ ಡೆಲ್, ಜಾಗ, ಸ್ಲ್ಯಾಷ್ ಎ, ಜಾಗ, ಐಕಾನ್‌ಕ್ಯಾಶ್ ಅಂತ ಬರೆದು ಕೊನೆಗೆ ಒಂದು ನಕ್ಷತ್ರ ಹಾಕಿ ಎಂಟರ್ ಒತ್ತಿ. ಸ್ಲ್ಯಾಷ್ ಎ ಯಾಕೆ ಅಂದರೆ ಅದು ಅಡಗಿಸಿಟ್ಟ ಕಡತ ಆಗಿರಬಹುದು, ಬರೀ ಡೆಲ್ ಅಂದರೆ ಕಣ್ಣಿಗೆ ಬೀಳಲ್ಲ. ಆಮೇಲೆ ಟಾಸ್ಕ್ ಮ್ಯಾನೇಜರಿನಲ್ಲಿ ರನ್ ನ್ಯೂ ಟಾಸ್ಕ್ ಅಂತ ಕೊಟ್ಟು ಎಕ್ಸ್‌ಪ್ಲೋರರ್ ಅಂತ ಬರೆದರೆ ಎಲ್ಲ ವಾಪಸ್.

ಎಕ್ಸ್‌ಪ್ಲೋರರನ್ನ ಮೊದಲು ಯಾಕೆ ನಿಲ್ಲಿಸಬೇಕು ಅಂದ್ರೆ, ಅದು ಓಡುತ್ತಿರುವಾಗ ಕ್ಯಾಶ್ ಕಡತವನ್ನ ಕೈಯಲ್ಲೇ ಹಿಡಿದುಕೊಂಡಿರುತ್ತೆ, ಅಳಿಸೋಕೆ ಬಿಡಲ್ಲ. ಹಳೆಯ ವಿಂಡೋಸಿನಲ್ಲಿ ಅಳಿಸಿದರೂ ಹೋಗುವಾಗ ತನ್ನ ನೆನಪಿನಲ್ಲಿದ್ದ ಹಾಳಾದ ಗುಡ್ಡೆಯನ್ನೇ ಮತ್ತೆ ಬರೆದಿಟ್ಟು ಹೋಗುತ್ತೆ. "ಅಳಿಸಿದೆ, ಸರಿಹೋಗಲಿಲ್ಲ" ಅನ್ನುವವರಲ್ಲಿ ಬಹಳ ಜನ ಎಡವಿರೋದು ಇಲ್ಲೇ.

ಐದು ನಿಮಿಷ. ಇಷ್ಟಕ್ಕೆ 400 ಗದ್ದೆ ಹೋಯಿತು.

ನನ್ನ ಮೊದಲ ತಕರಾರು ವಿಂಡೋಸ್ ಮಾಡಿದವರ ಮೇಲೆ. ಬೇರೆ ಬೇರೆ ಕಾಯಿಲೆಗಳಿಗೆಲ್ಲ ಒಂದೇ ಬಿಳಿ ಹಾಳೆ ತೋರಿಸಿದರೆ ಜನ ಏನು ಮಾಡಬೇಕು? ಕ್ಯಾಶ್ ಕೆಟ್ಟರೂ ಬಿಳಿ ಹಾಳೆ. ಪ್ರೋಗ್ರಾಮನ್ನ ಯಾರೋ ಅನ್‌ಇನ್‌ಸ್ಟಾಲ್ ಮಾಡಿ ಶಾರ್ಟ್‌ಕಟ್ ಮಾತ್ರ ಉಳಿದಿದ್ದರೂ ಬಿಳಿ ಹಾಳೆ. ಆಂಟಿವೈರಸ್ಸು ಪ್ರೋಗ್ರಾಮಿನ ಕಡತವನ್ನ ಹಿಡಿದು ಕ್ವಾರಂಟೈನಿಗೆ ಹಾಕಿದ್ದರೂ ಬಿಳಿ ಹಾಳೆ. ಪ್ರೋಗ್ರಾಮು ಇರುವ ಹೊರಗಿನ ಡಿಸ್ಕನ್ನ ಸಿಕ್ಕಿಸಿಲ್ಲದಿದ್ದರೂ ಬಿಳಿ ಹಾಳೆ. ಕಡತ ಸರಿ ಇದೆ, ಅದನ್ನ ತೆರೆಯುವ ತಂತ್ರಾಂಶ ಇಲ್ಲ ಅಂದರೂ ಬಿಳಿ ಹಾಳೆ. ಜ್ವರ, ಮೂಳೆ ಮುರಿತ, ಹಸಿವು ಮೂರಕ್ಕೂ ರೋಗಿ ಒಂದೇ ಥರ ನರಳಿದರೆ ಡಾಕ್ಟರಾದರೂ ಏನು ಮಾಡಿಯಾರು? ಮ್ಯಾಕಿನ ಡಾಕಿನಲ್ಲಿ ಪ್ರೋಗ್ರಾಮು ಕಾಣೆಯಾದರೆ ಕನಿಷ್ಠ ಒಂದು ಪ್ರಶ್ನೆ ಚಿಹ್ನೆಯಾದರೂ ಬರುತ್ತೆ, "ನಾನು ಹುಡುಕಿದೆ, ಸಿಗಲಿಲ್ಲ" ಅಂತ.

ಆದರೂ ಒಂದು ದಾರಿ ಇದೆ, ಅದಕ್ಕೆ ಇಂಜಿನಿಯರಿಂಗ್ ಓದಬೇಕಾಗಿಲ್ಲ: ಎರಡು ಸಲ ಒತ್ತಿ ನೋಡಿ. ತೆರೆದುಕೊಂಡರೆ ಹೋಗಿರೋದು ಚಿತ್ರ ಮಾತ್ರ. ಶಾರ್ಟ್‌ಕಟ್ ತೆರೆಯದೆ, ಇದರ ಅಸಲು ಕಡತ ಸಿಗುತ್ತಿಲ್ಲ ಅಂತ ಹೇಳಿದರೆ ಪ್ರೋಗ್ರಾಮು ಜಾಗ ಬಿಟ್ಟಿದೆ, ಮತ್ತೆ ಹಾಕಿಕೊಂಡರೆ ಆಯಿತು. ಯಾವುದರಿಂದ ತೆರೆಯಲಿ ಅಂತ ನಿಮ್ಮನ್ನೇ ಕೇಳಿದರೆ ಕಡತ ಇದೆ, ತೆರೆಯುವ ತಂತ್ರಾಂಶ ಇಲ್ಲ. ಈ ಮೂರರಲ್ಲಿ ಯಾವುದಕ್ಕಾದರೂ ಫಾರ್ಮ್ಯಾಟ್ ಬೇಕಾ? ಹೇಳಿ ಸ್ವಾಮಿ.

ಆ ಮೂರನೆಯದು ನಮಗೆ, ಅಂದರೆ ಕನ್ನಡದಲ್ಲಿ ಟೈಪ್ ಮಾಡುವವರಿಗೆ, ತುಂಬಾ ಮುಖ್ಯ. ದೊಡ್ಡಪ್ಪನ ಕತೆಯ ಎರಡನೇ ಭಾಗ ಅದೇ. ಫಾರ್ಮ್ಯಾಟ್ ಆಗಿ ವಾರದ ನಂತರ ದೊಡ್ಡಮ್ಮನಿಗೆ ಬೀರುವಿನಲ್ಲಿ ಒಂದು ಪೆನ್‌ಡ್ರೈವ್ ಸಿಕ್ಕಿತು. 2016ರಲ್ಲಿ ಯಾರಿಗೋ ಕೊಡಲು ಕಾಪಿ ಮಾಡಿದ್ದು, ಸುಮಾರು 140 ಗದ್ದೆ ಅದರಲ್ಲಿ ಇತ್ತು. ದೊಡ್ಡಪ್ಪ ಸಂತೋಷದಿಂದ ಸಿಕ್ಕಿಸಿ ನೋಡಿದರೆ ಮತ್ತೆ ಎಲ್ಲ ಬಿಳಿ ಹಾಳೆ! ಓಡಿದರು ಅದೇ ಅಂಗಡಿಗೆ. "ಫೈಲ್ ಕರಪ್ಟ್ ಆಗಿದೆ ಸಾರ್, ಪೆನ್‌ಡ್ರೈವ್ ಫಾರ್ಮ್ಯಾಟ್ ಮಾಡಿ ಕೊಡ್ಲಾ?"

ದೇವರು ದೊಡ್ಡವನು. "ನನ್ನ ತಮ್ಮನ ಮಗ ಬರ್ತಾನೆ, ಅವನು ನೋಡ್ಲಿ" ಅಂತ ವಾಪಸ್ ತಂದಿದ್ದರು. ಅವೆಲ್ಲ ಡಾಟ್ ಬಿಆರ್‌ಹೆಚ್ ಕಡತಗಳು, ಬರಹದವು. ಹೊಸ ವಿಂಡೋಸಿನಲ್ಲಿ ಬರಹವನ್ನೇ ಹಾಕಿರಲಿಲ್ಲ. ಹಾಕಿದೆ, ಅಷ್ಟೇ, ಎಲ್ಲದಕ್ಕೂ ಐಕಾನ್ ಬಂತು, ಎಲ್ಲವೂ ತೆರೆದುಕೊಂಡವು. ಒಂದಕ್ಷರ ಕೆಟ್ಟಿರಲಿಲ್ಲ. ನುಡಿಯಲ್ಲಿ ಬರೆದ ಹಳೇ ಕಡತಗಳದ್ದೂ ಹೆಚ್ಚುಕಮ್ಮಿ ಇದೇ ಪಾಡು. ಫಾಂಟ್ ಇಲ್ಲದ ಕಡೆ ತೆರೆದರೆ ಕನ್ನಡದ ಬದಲು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಚೆಲ್ಲಾಪಿಲ್ಲಿ ಕಾಣುತ್ತೆ, "ಕರಪ್ಟ್" ಅಂತ ಯಾರೋ ಹೇಳ್ತಾರೆ, ನಾವು ಅಳಿಸ್ತೀವಿ. ಯುನಿಕೋಡ್ ಬರುವ ಮೊದಲಿನ ಎಷ್ಟು ಕನ್ನಡ ಹೀಗೆ ಕಸದ ಬುಟ್ಟಿ ಸೇರಿದೆಯೋ. ನಿಮ್ಮ ಹಳೇ ಸಿಡಿ, ಪೆನ್‌ಡ್ರೈವುಗಳಲ್ಲಿ ಬಿಳಿ ಹಾಳೆ ಕಂಡರೆ ದಯವಿಟ್ಟು ಮೊದಲು ಡಾಟ್ ಆದಮೇಲೆ ಏನಿದೆ ಅಂತ ನೋಡಿ.

ನೋಡೋಕೆ ಹೋದರೆ ಅದೂ ಕಾಣಲ್ಲ! ಇದು ಎರಡನೇ ತಕರಾರು. ವಿಂಡೋಸ್ 95ರಿಂದ ಇವತ್ತಿನವರೆಗೂ ತಾನಾಗಿಯೇ ಎಕ್ಸ್‌ಟೆನ್ಷನ್ ಮುಚ್ಚಿಟ್ಟಿರುತ್ತೆ. ಕಡತದ ಗುರುತಿಗೆ ಇರೋದೇ ಎರಡು, ಒಂದು ಚಿತ್ರ, ಒಂದು ಹೆಸರಿನ ಬಾಲ. ಬಾಲವನ್ನ ಇವರೇ ಮುಚ್ಚಿದರು, ಚಿತ್ರ ಕೈಕೊಟ್ಟರೆ ಮನುಷ್ಯ ಕುರುಡ. 2000ದ ದಶಕದಲ್ಲಿ ಸೈಬರ್ ಕೆಫೆಗೆ ಹೋದವರಿಗೆ ನ್ಯೂ ಫೋಲ್ಡರ್ ಡಾಟ್ ಎಕ್ಸ್ಇ ನೆನಪಿರಬೇಕಲ್ಲ? ಫೋಲ್ಡರಿನ ಐಕಾನ್ ಹಾಕಿಕೊಂಡ ವೈರಸ್ಸು. ಬಾಲ ಕಾಣದ್ದರಿಂದ ಎಲ್ಲರೂ ಫೋಲ್ಡರ್ ಅಂತಲೇ ಒತ್ತಿದರು. ಆಮೇಲೆ ಬಂದ ಶಾರ್ಟ್‌ಕಟ್ ವೈರಸ್ಸೂ ಅದೇ ಬುದ್ಧಿ. ಜೆರಾಕ್ಸ್ ಅಂಗಡಿಗೆ ಪೆನ್‌ಡ್ರೈವ್ ಕೊಟ್ಟು ತಂದರೆ ಎಲ್ಲ ಫೋಲ್ಡರುಗಳೂ ಶಾರ್ಟ್‌ಕಟ್ ಆಗಿರುತ್ತವೆ. ಅಸಲಿ ಫೋಲ್ಡರುಗಳು ಅಲ್ಲೇ ಇರುತ್ತವೆ, ಅಡಗಿಸಿಟ್ಟಿರುತ್ತೆ ಅಷ್ಟೇ. ಫೋಲ್ಡರ್ ಆಪ್ಷನ್ಸಿನಲ್ಲಿ ಅಡಗಿದ್ದನ್ನ ತೋರಿಸು ಅಂತ ಹೇಳಿ, ಸಿಸ್ಟಂ ಕಡತಗಳನ್ನ ಬಚ್ಚಿಡು ಅನ್ನೋ ಟಿಕ್ಕನ್ನೂ ತೆಗೆದರೆ ಮಸುಕಾಗಿ ಕಾಣುತ್ತವೆ. ಅಟ್ರಿಬ್ ಅನ್ನೋ ಕಮಾಂಡಿನಲ್ಲಿ ಆ ಹೆಚ್, ಎಸ್ ಗುರುತುಗಳನ್ನ ಕಿತ್ತು ಹಾಕಬಹುದು. ಶಾರ್ಟ್‌ಕಟ್ ಮೇಲೆ ಮಾತ್ರ ಒತ್ತಬೇಡಿ. ಇದಕ್ಕೂ ಪೆನ್‌ಡ್ರೈವ್ ಫಾರ್ಮ್ಯಾಟ್ ಮಾಡಿಸಿಕೊಂಡು ಮದುವೆ ಫೋಟೋ ಕಳೆದುಕೊಂಡವರು ನನಗೆ ಗೊತ್ತು.

ಐಕಾನ್ ಅನ್ನೋ ಕಲ್ಪನೆ ಹುಟ್ಟಿದ್ದು ಯಾಕೆ ಅಂತ ಒಮ್ಮೆ ಯೋಚಿಸಿ. 1975ರಲ್ಲಿ ಡೇವಿಡ್ ಕ್ಯಾನ್‌ಫೀಲ್ಡ್ ಸ್ಮಿತ್ ಅನ್ನುವವರು ಸ್ಟ್ಯಾನ್‌ಫರ್ಡಿನ ಪ್ರಬಂಧದಲ್ಲಿ ಕಂಪ್ಯೂಟರಿಗೆ ಈ ಪದ ತಂದರು. 1981ರಲ್ಲಿ ಜೆರಾಕ್ಸಿನವರ ಸ್ಟಾರ್ ಅನ್ನೋ ಯಂತ್ರದಲ್ಲಿ ಬಂತು. 1984ರ ಮ್ಯಾಕಿಂತೋಷಿಗೆ ಸೂಸಾನ್ ಕೇರ್ ಗ್ರಾಫ್ ಪುಸ್ತಕದಲ್ಲಿ ಚೌಕ ತುಂಬಿಸಿ ತುಂಬಿಸಿ 32ಕ್ಕೆ 32ರ ಚಿತ್ರಗಳನ್ನ ಬಿಡಿಸಿದರು. ಎಲ್ಲ ಯಾರಿಗೋಸ್ಕರ? ಕಮಾಂಡ್ ಬಾಯಿಪಾಠ ಮಾಡದವರಿಗೋಸ್ಕರ, ನೋಡಿ ಗುರುತು ಹಿಡಿಯುವವರಿಗೋಸ್ಕರ. ನಮ್ಮ ದೊಡ್ಡಪ್ಪನಂಥವರಿಗೋಸ್ಕರ. ಇಂಗ್ಲಿಷ್ ಹೆಸರು ಓದುವುದಕ್ಕಿಂತ ಚಿತ್ರ ನೋಡಿ ಒತ್ತುವ ಮನುಷ್ಯನಿಗೆ ಐಕಾನ್ ಹೋದರೆ ಕಂಪ್ಯೂಟರೇ ಹೋದ ಹಾಗೆ. ಅವರು ಗಾಬರಿಯಾಗಿದ್ದು ತಪ್ಪಲ್ಲ. ಆ ಗಾಬರಿಯನ್ನ ಕಂಡು "ವಿಂಡೋಸ್ ಹೋಯ್ತು" ಅನ್ನೋದು ತಪ್ಪು.

ರಿಪೇರಿಯವರನ್ನ ಬರೀ ಬೈದರೆ ಅನ್ಯಾಯ ಆಗುತ್ತೆ. ನನ್ನ ಪರಿಚಯದ ಒಬ್ಬ ರಿಪೇರಿ ಹುಡುಗನ ಹತ್ತಿರ ಇದನ್ನ ಜಗಳ ಆಡಿದ್ದೇನೆ. ಅವನ ವಾದ ಇದು: "ಸಾರ್, ಒಂದು ಗಂಟೆ ಕೂತು ಏನಾಗಿದೆ ಅಂತ ಹುಡುಕಿ ಒಂದು ಫೈಲ್ ಡಿಲೀಟ್ ಮಾಡಿ ಸರಿ ಮಾಡಿದ್ರೆ ಕಸ್ಟಮರ್ 100 ರೂಪಾಯಿ ಕೊಡೋಕೂ ಮುಖ ಹಿಂಡ್ತಾರೆ. ಏನ್ ಮಾಡ್ದೆ ನೀನು, ಒಂದು ಬಟನ್ ಒತ್ತಿದೆ ಅಂತಾರೆ. ಫಾರ್ಮ್ಯಾಟ್ ಅಂದ್ರೆ ಮಾತಾಡದೆ 500 ಕೊಡ್ತಾರೆ. ಮತ್ತೆ ಆ ಕಂಪ್ಲೇಂಟ್ ವಾಪಸ್ ಬರಲ್ಲ."

ನಿಜ ಹೇಳಬೇಕು ಅಂದ್ರೆ ಇದಕ್ಕೆ ನನ್ನಲ್ಲಿ ಪೂರ್ತಿ ಉತ್ತರ ಇಲ್ಲ. ಗೊತ್ತಿರುವುದಕ್ಕೆ ದುಡ್ಡು ಕೊಡದೆ ಹೊತ್ತು ಹಾಕಿದ್ದಕ್ಕೆ ದುಡ್ಡು ಕೊಡುವವರು ನಾವೇ. ಆದರೆ ಎರಡು ಮಾತು. ಒಂದು, ಫಾರ್ಮ್ಯಾಟ್ ಮಾಡುವ ಮೊದಲು ಸಿ ಡ್ರೈವಿನ ಯೂಸರ್ಸ್ ಫೋಲ್ಡರನ್ನ ಇನ್ನೊಂದು ಕಡೆ ಕಾಪಿ ಮಾಡೋಕೆ ಯಾವ ವಿದ್ಯೆಯೂ ಬೇಡ. ಎರಡು, ವಿಂಡೋಸ್ ಮತ್ತೆ ಹಾಕಲೇಬೇಕು ಅಂದರೂ ಫಾರ್ಮ್ಯಾಟ್ ಬೇಕಾಗಿಲ್ಲ! ಫಾರ್ಮ್ಯಾಟ್ ಮಾಡದೆ ಅದೇ ಡ್ರೈವಿನ ಮೇಲೆ ಹಾಕಿದರೆ ಹಳೆಯದೆಲ್ಲ ವಿಂಡೋಸ್ ಡಾಟ್ ಓಲ್ಡ್ ಅನ್ನೋ ಫೋಲ್ಡರಿಗೆ ಹೋಗಿ ಕೂತಿರುತ್ತೆ, ಬಳಕೆದಾರರ ಕಡತಗಳ ಸಮೇತ. ಅದು ಶಾಶ್ವತವಾಗಿ ಇರಲ್ಲ, ಬೇಗ ಎತ್ತಿಕೊಳ್ಳಬೇಕು. ದೊಡ್ಡಪ್ಪನ ಕಂಪ್ಯೂಟರಿಗೆ ಅಷ್ಟು ಮಾಡಿದ್ದರೂ ಸಾಕಿತ್ತು. ಒಂದು ವೇಳೆ ಫಾರ್ಮ್ಯಾಟ್ ಆಗಿಯೇ ಹೋಗಿದ್ದರೆ, ತಕ್ಷಣ ಆಫ್ ಮಾಡಿ ಇಡಿ. ಕ್ವಿಕ್ ಫಾರ್ಮ್ಯಾಟ್ ಅನ್ನೋದು ಹಳೇ ಹಾರ್ಡ್ ಡಿಸ್ಕಿನಲ್ಲಿ ಪುಸ್ತಕದ ಪರಿವಿಡಿಯನ್ನ ಹರಿದ ಹಾಗೆ, ಒಳಪುಟ ಉಳಿದಿರುತ್ತೆ, ಮೇಲೆ ಹೊಸದು ಬರೆಯುವವರೆಗೆ ಮಾತ್ರ. ಈಗಿನ ಎಸ್‌ಎಸ್‌ಡಿಗಳಲ್ಲಿ ಆ ಆಸೆಯೂ ಕಡಿಮೆ.

ಇನ್ನು ಪೂರ್ತಿ ಡೆಸ್ಕ್‌ಟಾಪೇ ಖಾಲಿ ಆಗುವ ಕೇಸುಗಳು. ಬಲಗಡೆ ಗುಂಡಿ ಒತ್ತಿ ವ್ಯೂ ಒಳಗೆ ಶೋ ಡೆಸ್ಕ್‌ಟಾಪ್ ಐಕಾನ್ಸ್ ಅನ್ನೋದಕ್ಕೆ ಟಿಕ್ ಇದೆಯಾ ನೋಡಿ. ಮನೆಯಲ್ಲಿ ಮಗು ಇದ್ದರೆ ಕಾರಣ ಬಹುಮಟ್ಟಿಗೆ ಅದೇ :-) ಒನ್‌ಡ್ರೈವಿನ ಬ್ಯಾಕಪ್ ಹಚ್ಚಿದ್ದರೆ ಡೆಸ್ಕ್‌ಟಾಪ್ ಫೋಲ್ಡರೇ ಅದರೊಳಗೆ ಹೋಗಿರುತ್ತೆ, ಅಲ್ಲಿ ಹುಡುಕಿ. ಇವೆರಡೂ ಅಲ್ಲ, ಗೋಡೆಯ ಚಿತ್ರವೂ ಬದಲಾಗಿ ಹೊಸ ಕಂಪ್ಯೂಟರಿನ ಥರ ಕಾಣುತ್ತಿದೆ ಅಂದ್ರೆ ನೀವು ತಾತ್ಕಾಲಿಕ ಪ್ರೊಫೈಲಿನೊಳಗೆ ಬಂದಿರಬಹುದು. ಸಿ ಡ್ರೈವಿನ ಯೂಸರ್ಸ್ ಒಳಗೆ ನಿಮ್ಮ ಹೆಸರಿನ ಫೋಲ್ಡರ್ ಹಾಗೇ ಇರುತ್ತೆ, ಎಲ್ಲ ಅದರಲ್ಲಿ ಇರುತ್ತೆ. ಒಂದೆರಡು ಸಲ ರೀಸ್ಟಾರ್ಟ್ ಮಾಡಿ ನೋಡಿ. ಆ ತಾತ್ಕಾಲಿಕ ಡೆಸ್ಕ್‌ಟಾಪಿನಲ್ಲಿ ಮಾತ್ರ ಏನನ್ನೂ ಬರೆದು ಉಳಿಸಬೇಡಿ, ಲಾಗಾಫ್ ಆದ ಕೂಡಲೇ ಅಳಿಸಿ ಹಾಕುತ್ತೆ.

ಕೊನೆಯ ತಕರಾರು ನಮ್ಮ ಮೇಲೆ. ಹೌದು, ನನ್ನ ಮೇಲೆ, ನಿಮ್ಮ ಮೇಲೆ.

ನಾವು ಬ್ಲಾಗಿಗರು ಒಂದು ಕಾಲದಲ್ಲಿ ಐಕಾನ್‌ಗೆ ಕನ್ನಡದಲ್ಲಿ ಏನನ್ನಬೇಕು ಅಂತ ಹೊಡೆದಾಡಿದ್ದು ನೆನಪಿದೆಯಾ? ಪ್ರತಿಮೆ ಅನ್ನಬೇಕೋ, ಚಿಹ್ನೆ ಅನ್ನಬೇಕೋ, ಲಾಂಛನ ಅನ್ನಬೇಕೋ... ಕಾಮೆಂಟಿನ ಮೇಲೆ ಕಾಮೆಂಟು. ನಾನೂ ಆ ಜಗಳದಲ್ಲಿ ಇದ್ದೆ, ಹುರುಪಿನಿಂದಲೇ ಇದ್ದೆ. ಆ ಪ್ರತಿಮೆ ಬೆಳ್ಳಗಾದರೆ ಏನು ಮಾಡಬೇಕು ಅಂತ ನಮ್ಮಲ್ಲಿ ಎಷ್ಟು ಜನ ಬರೆದೆವು? 2018ರಲ್ಲಿ ದೊಡ್ಡಪ್ಪ ಬಸ್ಸು ಹತ್ತುವ ಮೊದಲು ಮೊಬೈಲಿನಲ್ಲಿ ಕನ್ನಡದಲ್ಲಿ ಹುಡುಕಿದ್ದರಂತೆ, ಆಮೇಲೆ ಹೇಳಿದರು. "ಐಕಾನ್ ಬಿಳಿ ಆಗಿದೆ" ಅಂತ ಟೈಪ್ ಮಾಡಿದ್ದರಂತೆ. ಏನೂ ಸಿಗಲಿಲ್ಲವಂತೆ.

ಅವರು ಹುಡುಕಿದ ಕನ್ನಡ ನಮ್ಮ ಚರ್ಚೆಯ ಕನ್ನಡ ಅಲ್ಲ. ಬಿಳಿ ಆಗಿದೆ, ಕಾಣ್ತಾ ಇಲ್ಲ, ಹೋಯ್ತು. ಜನ ಹುಡುಕೋದು ಈ ಮಾತುಗಳಲ್ಲಿ. ಅದಕ್ಕೇ ಈ ಬರಹದಲ್ಲಿ ಐಕಾನ್ ಬಿಳಿ ಆಗಿದೆ, ಐಕಾನ್ ಬೆಳ್ಳಗಾಗಿದೆ, ಐಕಾನ್ ಹೋಗಿದೆ, ಐಕಾನ್ ಕಾಣ್ತಿಲ್ಲ, ಡೆಸ್ಕ್‌ಟಾಪ್ ಖಾಲಿ ಆಗಿದೆ ಅಂತ ಬೇಕೆಂದೇ ಬರೆದಿಟ್ಟಿದ್ದೇನೆ. ಗೂಗಲ್ಲಿಗೆ ಸಿಕ್ಕಲಿ ಅಂತ. ಭಾಷಾಶುದ್ಧಿಯ ಗೆಳೆಯರು ಕ್ಷಮಿಸಲಿ, ಬಿಡಲಿ.

ನಿಮ್ಮಲ್ಲಿ ಅರ್ಧ ಜನ ಸಾಫ್ಟ್‌ವೇರಿನಲ್ಲೇ ಇದ್ದೀರಿ. ಮನೆಯಲ್ಲಿ ಅತ್ತೆಗೋ ಮಾವನಿಗೋ ನೀವು ಫೋನಿನಲ್ಲಿ ಹೇಳಿ ಸರಿ ಮಾಡಿಸಿದ ಒಂದು ತೊಂದರೆಯಾದರೂ ಇದ್ದೇ ಇರುತ್ತೆ. ಫೋನಿನಲ್ಲಿ ಹೇಗೆ ಹೇಳಿದಿರೋ ಹಾಗೇ ಟೈಪ್ ಮಾಡಿ ಹಾಕಿ. ಕವನ, ಲಹರಿ, ಪ್ರವಾಸ ಎಲ್ಲ ಇರಲಿ, ನಡುವೆ ಒಂದು ಇದೂ ಇರಲಿ. ಇಂಥ ಪೋಸ್ಟಿಗೆ ಕಾಮೆಂಟು ಬರಲ್ಲ, ಅದು ನನಗೂ ಗೊತ್ತು :-(

ಮೇಲೆ ಬರೆದಿದ್ದರಲ್ಲಿ ತಪ್ಪಿದ್ದರೆ ತಿದ್ದಿ. ಲಿನಕ್ಸ್ ಬಳಸುವವರು ಅಲ್ಲಿಯ ಕತೆಯನ್ನ ತಮ್ಮ ಬ್ಲಾಗಿನಲ್ಲಿ ಬರೆದರೆ ಇಲ್ಲಿಂದ ಕೊಂಡಿ ಕೊಡ್ತೀನಿ.

ತಾ.ಕ.: ದೊಡ್ಡಪ್ಪನಿಗೆ ಈಗ ಎಂಬತ್ತರ ಹತ್ತಿರ. ಉಳಿದ 260ರಲ್ಲಿ ನೋಟ್‌ಬುಕ್ಕಿನಲ್ಲಿ ಇದ್ದಷ್ಟನ್ನ ಮತ್ತೆ ಟೈಪ್ ಮಾಡಿದ್ದಾರೆ, ಈ ಸಲ ಯುನಿಕೋಡಿನಲ್ಲಿ. ನೋಟ್‌ಬುಕ್ಕಿನಲ್ಲಿ ಬರೀ ಹೆಸರಿತ್ತು, ಕತೆ ಇರಲಿಲ್ಲ. ಕತೆ ಹೇಳಿದವರಲ್ಲಿ ಮೂವರು ಈಗಿಲ್ಲ. ಹೋದ ತಿಂಗಳು ಊರಿಗೆ ಹೋದಾಗ ಕಂಪ್ಯೂಟರ್ ನೋಡಿದೆ. ಡೆಸ್ಕ್‌ಟಾಪಿನ ಮೇಲೆ ಒಂದೇ ಒಂದು ಕಡತವೂ ಇಟ್ಟಿಲ್ಲ. ಪೆನ್‌ಡ್ರೈವುಗಳು ನಾಲ್ಕು, ಒಂದೊಂದಕ್ಕೂ ದಾರ ಕಟ್ಟಿ ಚೀಟಿ ಅಂಟಿಸಿ ದೇವರ ಕೋಣೆಯ ಮೊಳೆಗೆ ನೇತು ಹಾಕಿದ್ದಾರೆ.